ಸರಳ ನಂಬಿಕೆ ಕೊನೆಗೂ ಕೈಗೆ ಹತ್ತಿದ್ದು ಹೇಗೆ (ನನ್ನ ಅನುಭವ)

ಸೆಲ್ ಗ್ರೂಪಲ್ಲಿ (ನಮ್ಮ ಚರ್ಚಿನ ಚಿಕ್ಕ ಪ್ರಾರ್ಥನಾ ಗುಂಪು) ಮೊದಲ ಸಲ, ದೇವರ ಹತ್ರ ಒಂದು ವಿಷಯ ಒಂದೇ ಸಲ ಕೇಳಿ ಸುಮ್ನಾಗ್ತೀನಿ ಅಂತ ಹೇಳಿದಾಗ "ಬ್ರದರ್, ಇದು ನಂಬಿಕೆ ಅಲ್ಲ, ಸೋಮಾರಿತನ" ಅಂದ್ರು. ಈಗ ಅವರಲ್ಲೇ ಮೂರ್ನಾಲ್ಕು ಜನ ಹೇಗೆ ಮಾಡ್ತೀರಾ ಅಂತ ಕೇಳ್ತಿದ್ದಾರೆ, ಅದಕ್ಕೇ ಬರೀತಿದ್ದೀನಿ. ಬೈಬಲ್‌ನ ಮತ್ತಾಯ 18ರಲ್ಲಿ ಯೇಸು ಹೀಗಾಗಿ ಅಂತ ತೋರಿಸಿದ ಚಿಕ್ಕ ಮಗು, ಯೇಸುವಿನ ಬೆಟ್ಟದ ಪ್ರಸಂಗ ಎಲ್ಲಾ ನಿಮಗೆ ಬಾಯಿಪಾಠ, ಬಿಡಿ.

ಮೊದಲು ಉದ್ದ ಪ್ರಾರ್ಥನೆ ಟ್ರೈ ಮಾಡ್ದೆ. ಬೆಳಗ್ಗೆ ಒಂದು ಗಂಟೆ ಮೊಣಕಾಲೂರಿದ್ರೆ ಅದರಲ್ಲಿ ಮುಕ್ಕಾಲು ಗಂಟೆ ದೇವರಿಗೆ ನನ್ನ ಪ್ಲಾನ್ ವಿವರಿಸೋದೇ ಆಗ್ತಿತ್ತು, ಅದು ಆಗದಿದ್ರೆ ಪ್ಲಾನ್ ಬಿ ಸಮೇತ. ಉಪವಾಸ ಮಾಡಿದ್ರೆ ಇನ್ನೂ ಕಷ್ಟ, ಇಷ್ಟೆಲ್ಲಾ ಮಾಡಿದೀನಲ್ಲ ಇನ್ನೂ ಯಾಕೆ ಕೊಟ್ಟಿಲ್ಲ ಅಂತ ಒಳಗೊಳಗೇ ಸಿಟ್ಟು.

ಆಮೇಲೆ ಜಾರ್ಜ್ ಮುಲ್ಲರ್ ಹುಚ್ಚು ಹಿಡೀತು. ಹತ್ತೊಂಬತ್ತನೇ ಶತಮಾನದ ಈ ಬೋಧಕರು ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಅಷ್ಟು ಅನಾಥ ಮಕ್ಕಳನ್ನ ಯಾರ ಹತ್ರಾನೂ ದುಡ್ಡು ಕೇಳದೆ ಸಾಕಿದ್ರು, ಪ್ರಾರ್ಥನೆಗೆ ಸಿಕ್ಕ ಉತ್ತರ ಬರೆದಿಡ್ತಿದ್ರು. ನಾನೂ ಎಕ್ಸೆಲ್ ಶೀಟ್ ಮಾಡ್ದೆ, ಬೇಡಿಕೆ, ದಿನಾಂಕ, ಉತ್ತರ. ನೂರರ ಹತ್ರ ಎಂಟ್ರಿ ಆಗಿರ್ಬೇಕು, ಮೂವತ್ತಕ್ಕೋ ಎಷ್ಟಕ್ಕೋ ಟಿಕ್ ಬಿತ್ತು. ಕೊನೆಗೆ ನಾನು ದೇವರ ಆಡಿಟರ್ ಆಗ್ಬಿಟ್ಟಿದ್ದೆ! ಶೀಟ್ ಡಿಲೀಟ್.

ದಾರಿ ಸಿಕ್ಕಿದ್ದು ವಿಮೋಚನಕಾಂಡ 16ರಲ್ಲಿ. ಅಡವಿಯಲ್ಲಿ ಇಸ್ರಾಯೇಲ್ಯರಿಗೆ ದೇವರು ಕೊಟ್ಟ ಆಹಾರ ಮನ್ನಾ, ದಿನಕ್ಕೆ ತಲೆಗೊಂದು ಓಮೆರ್ (ಆಗಿನ ಒಂದು ಅಳತೆ), ನಾಳೆಗೆ ಅಂತ ಎತ್ತಿಟ್ಟದ್ದಕ್ಕೆ ಹುಳ ಬಿತ್ತು. ಸೋ ಇವತ್ತಿನದು ಮಾತ್ರ, ಒಂದೇ ವಾಕ್ಯದಲ್ಲಿ, ಒಂದೇ ಸಲ ಕೇಳೋದು. ಅದೇ ಚಿಂತೆ ಮತ್ತೆ ಬಂದ್ರೆ "ಹೇಳಿದೀನಲ್ಲಪ್ಪಾ" ಅಂದು ಕೆಲಸಕ್ಕೆ ಹೋಗೋದು. ಲೂಕ 18ರ ಸಾಮ್ಯದಲ್ಲಿ ವಿಧವೆ ನ್ಯಾಯಾಧಿಪತಿ ಹತ್ರ ಬಿಡದೆ ನ್ಯಾಯ ಕೇಳಿದಳಲ್ಲ ಅಂತ ಒಬ್ರು ವಾದಕ್ಕೆ ಬಂದ್ರು. ಆ ನ್ಯಾಯಾಧಿಪತಿ ದೇವರಿಗೂ ಹೆದರದೋನು, ನಮ್ಮ ತಂದೆ ಹಾಗಲ್ಲ, ಮತ್ತೆ ನಾನು ಪದೇ ಪದೇ ಕೇಳ್ತಿದ್ದದ್ದು ಕೇಳಿಸ್ತೋ ಇಲ್ವೋ ಅನ್ನೋ ಅನುಮಾನಕ್ಕೆ. ಬೇರೆಯವರಿಗೋಸ್ಕರ ಮಾತ್ರ ದಿನಾ ಕೇಳ್ತೀನಿ.

ದುಡ್ಡಿನ ವಿಷಯದಲ್ಲೇ ನಿಜವಾದ ಪರೀಕ್ಷೆ. ಕೆಲಸ ಹೋದಾಗ ಸೇವಿಂಗ್ಸ್ ನಾಲ್ಕೈದು ತಿಂಗಳಿಗೆ ಸಾಕಾಗೋಷ್ಟಿತ್ತು, ಬ್ಯಾಲೆನ್ಸ್ ದಿನಕ್ಕೆ ಹತ್ತು ಸಲ ನೋಡೋ ಚಟ. ಅದನ್ನ ವಾರಕ್ಕೊಂದು ಸಲಕ್ಕೆ ಇಳಿಸ್ದೆ, ಬಂದ ಚಿಲ್ಲರೆಯಲ್ಲೂ ದಶಾಂಶ (ದೇವರಿಗೆ ಕೊಡೋ ಹತ್ತರಲ್ಲೊಂದು ಪಾಲು) ಮೊದಲೇ ತೆಗೆದಿಟ್ಟೆ. ಬಜೆಟ್, ಇನ್ಶೂರೆನ್ಸ್ ಮಾತ್ರ ಬಿಡ್ಲಿಲ್ಲ, ಅದೇ ಅಧ್ಯಾಯದಲ್ಲಿ ಮಾರನೇ ದಿನ ಸಬ್ಬತ್, ಅಂದ್ರೆ ವಿಶ್ರಾಂತಿ ದಿನ, ಅದಕ್ಕೆ ಆರನೇ ದಿನ ಎರಡು ಪಟ್ಟು ಕೂಡಿಸಿಕೊಳ್ಳಿ ಅಂತಾನೂ ಇದೆ, ಅದಕ್ಕೆ ಹುಳ ಬೀಳಲಿಲ್ಲ. ಕೊಟ್ಟಿದ್ದಕ್ಕೆ ನೂರು ಪಟ್ಟು ಬಂತು ಅನ್ನೋ ಸಾಕ್ಷಿ ನನ್ನ ಹತ್ರ ಇಲ್ಲ, ಅಂಥ ಸಾಕ್ಷಿ ಕೇಳಿದ್ರೆ ಈಗ ಸ್ವಲ್ಪ ಅಲರ್ಜಿ. ಸಿಕ್ಕ ಹೊಸ ಕೆಲಸದಲ್ಲಿ ಸಂಬಳ ಹೆಚ್ಚುಕಮ್ಮಿ ಕಾಲು ಭಾಗ ಕಡಿಮೆ. ಆದ್ರೆ ಆ ತಿಂಗಳುಗಳಲ್ಲಿ ನಾನು ಮಲಗಿದಷ್ಟು ಚೆನ್ನಾಗಿ ನಮ್ಮ ಗ್ರೂಪಲ್ಲಿ ಕೆಲಸ ಇದ್ದೋರೂ ಮಲಗಿರ್ಲಿಕ್ಕಿಲ್ಲ.

ನಿದ್ದೆ ಅಂದ್ರೆ ನೆನಪಾಯ್ತು, ಫ್ರಾನ್ಸಿನ ಲಿಸಿಯು ಊರಿನ ಸನ್ಯಾಸಿನಿ ಸಂತ ತೆರೇಸಾ ಪ್ರಾರ್ಥನೆ ಮಧ್ಯದಲ್ಲೇ ತೂಕಡಿಸ್ತಿದ್ರಂತೆ, ಅದಕ್ಕೇನೂ ತಲೆ ಕೆಡಿಸ್ಕೊಳ್ಳಲಿಲ್ಲ. ನಾನೂ ಮಲಗೋ ಮುಂಚೆ ಕೀರ್ತನೆ 131 ಮಾತ್ರ ಓದ್ತೀನಿ, ಮೂರೇ ವಚನ. ಅದರಲ್ಲಿರೋದು ಮೊಲೆ ಬಿಡಿಸಿದ ಕೂಸು, ಹಾಲಿಗೆ ಅಳೋ ಕೂಸಲ್ಲ, ಸುಮ್ನೆ ಅಮ್ಮನ ಹತ್ರ ಇರುತ್ತೆ.

ನನ್ನ ಆ ಒಂದು ವಾಕ್ಯ ಯಾವುದು ಅಂತ ಕೇಳ್ಬೇಡಿ, ಕಾಪಿ ಹೊಡೆದ್ರೆ ನಡೆಯಲ್ಲ. ಬೆಳಗ್ಗೆ ಫೋನ್ ಮುಟ್ಟೋ ಮುಂಚೆ ಮಾಡೋದು ಇನ್ನೊಂದಿದೆ, ಒಂದು ತಿಂಗಳು ಇಷ್ಟನ್ನ ಮಾಡಿ ಬಂದೋರಿಗೆ ಅದನ್ನ ಹೇಳ್ತೀನಿ.