ಮೆಣಸಿನ ಸಸಿಗೆ ವ್ಯಾಮ್: ನಾನು ಬೆಳೆಸಿಕೊಳ್ಳುವ ರೀತಿ

ನಮ್ಮದು ಕೋಲಾರದ ಕಡೆಯ ಕೆಂಪು ಮಣ್ಣು. ಹಾಕಿದ ರಂಜಕವೆಲ್ಲ ಗಿಡಕ್ಕೆ ಸಿಗುವುದಿಲ್ಲ. ಮಣ್ಣಿನ ಕಬ್ಬಿಣ, ಅಲ್ಯೂಮಿನಿಯಂ ಅದನ್ನು ಹಿಡಿದಿಟ್ಟುಕೊಳ್ಳುತ್ತವೆ. ಬೇರಿನ ಪಕ್ಕದ್ದು ಖಾಲಿಯಾದರೆ, ಎರಡು ಬೆರಳು ಆಚೆ ಇರುವುದೂ ಗಿಡದ ಪಾಲಿಗೆ ಇಲ್ಲದ ಹಾಗೆಯೇ. ಅದನ್ನು ತಂದುಕೊಡುವುದು ವ್ಯಾಮ್ (VAM), ಅಂದರೆ ಬೇರಿನ ಜೊತೆ ಬಾಳುವ ಮೈಕೋರೈಜಾ ಶಿಲೀಂಧ್ರ. ಬೇರಿನೊಳಗೆ ಸೇರಿಕೊಂಡು, ಬೇರುಗೂದಲಿಗಿಂತ ಸಣ್ಣ ಎಳೆಗಳನ್ನು ಹೊರಗೆ ಬಿಡುತ್ತದೆ. ರಂಜಕ, ಸತು ಕೊಟ್ಟು ಗಿಡದಿಂದ ಸಕ್ಕರೆ ತೆಗೆದುಕೊಳ್ಳುತ್ತದೆ.

ರೋಗ ತಡೆಯಲು ಬಳಸುವ ಟ್ರೈಕೋಡರ್ಮಾ ಶಿಲೀಂಧ್ರದ ಥರ ಇದನ್ನು ಕೊಟ್ಟಿಗೆ ಗೊಬ್ಬರಕ್ಕೆ ಕಲಸಿ ಹೆಚ್ಚಿಸಲು ಆಗುವುದಿಲ್ಲ. ಜೀವಂತ ಬೇರೇ ಬೇಕು. ಅದಕ್ಕೇ ನಾನು ಮುಸುಕಿನ ಜೋಳದ ಮೇಲೆ ಬೆಳೆಸುತ್ತೇನೆ. ಬೇಸಿಗೆಯಲ್ಲಿ ಮಣ್ಣು, ಮರಳು ಬೆರೆಸಿ, ಒದ್ದೆ ಮಾಡಿ, ತೆಳು ಪ್ಲಾಸ್ಟಿಕ್ ಹಾಳೆ ಹೊದಿಸಿ ರೋಗಾಣು ಸಾಯಲಿ ಅಂತ ಒಂದು ತಿಂಗಳಿಗೂ ಜಾಸ್ತಿ ಬಿಸಿಲಿಗೆ ಬಿಡುತ್ತೇನೆ. ಒಂದಡಿ ಆಳದ ಗುಂಡಿಗೆ ಟಾರ್ಪಾಲು ಹಾಸಿ ಅದನ್ನು ತುಂಬುತ್ತೇನೆ. ಕೊಂಡು ತಂದ ವ್ಯಾಮ್ ಪುಡಿಯನ್ನು ಒಂದೆರಡು ಅಂಗುಲ ಕೆಳಗೆ ಹರಡಿ, ಮೇಲೆ ಜೋಳ ಬಿತ್ತುತ್ತೇನೆ. ರಂಜಕದ ಗೊಬ್ಬರ ಡಿಎಪಿಯನ್ನು ಹತ್ತಿರಕ್ಕೂ ತರುವುದಿಲ್ಲ. ರಂಜಕ ಧಾರಾಳವಾಗಿ ಸಿಕ್ಕರೆ ಗಿಡ ಶಿಲೀಂಧ್ರವನ್ನು ಯಾಕೆ ಸಾಕುತ್ತೆ, ಅಲ್ವಾ? ಸುಮಾರು 60 ದಿನಕ್ಕೆ ನೀರು ನಿಲ್ಲಿಸಿ, ಮೇಲಿನ ದಂಟು ಕತ್ತರಿಸುತ್ತೇನೆ. ಒಣಗಿದ ಮೇಲೆ ಬೇರನ್ನು ಸಣ್ಣಗೆ ಕೊಚ್ಚಿ ಅದೇ ಮಣ್ಣಿಗೆ ಕಲಸಿದರೆ ಮುಗಿಯಿತು.

ಈ ಮಣ್ಣನ್ನು ಹಾಕುವ ಜಾಗ ಮುಖ್ಯ. ಮೇಲೆ ಎರಚಿದರೆ ದಂಡ. ಪ್ರೋಟ್ರೇಯಲ್ಲಾದರೆ (ಸಸಿ ಬೆಳೆಸುವ ಗುಣಿಗಳ ತಟ್ಟೆ) ಕೋಕೋಪೀಟಿಗೇ, ಅಂದರೆ ತೆಂಗಿನ ನಾರಿನ ಪುಡಿಗೇ ಬೆರೆಸುತ್ತೇನೆ, ಮಡಿಯಲ್ಲಾದರೆ ಬೀಜದ ಕೆಳಗೆ ತೆಳು ಪದರವಾಗಿ ಹಾಕುತ್ತೇನೆ. ಎಳೆ ಬೇರು ಅದನ್ನು ಹಾದುಹೋಗಬೇಕು. ಸಸಿ ಮಡಿಗೆ ಕಾರ್ಬೆಂಡಜಿಮ್ ಎಂಬ ಶಿಲೀಂಧ್ರನಾಶಕ ಸುರಿಯುವವರು ಇದಕ್ಕೆ ದುಡ್ಡು ಹಾಕದಿರುವುದೇ ಒಳ್ಳೆಯದು.

ಶಿಲೀಂಧ್ರ ಸೇರಿದ್ದು ಬರಿಗಣ್ಣಿಗೆ ಕಾಣುವುದಿಲ್ಲ. ಬೇರಿಗೆ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ನಾನು ನೋಡುವುದು ಮಣ್ಣನ್ನು. ಈರುಳ್ಳಿ ಗಿಡ ಕಿತ್ತಾಗ ಬೇರಿಗೆ ಸಣ್ಣ ಸಣ್ಣ ಹರಳಿನಂಥ ಮಣ್ಣು ಅಂಟಿಕೊಂಡು ಬರುತ್ತದೆ. ಕೊಡವಿದರೂ ಪುಡಿಪುಡಿಯಾಗಿ ಉದುರುವುದಿಲ್ಲ. ಮಣ್ಣಿನ ಕಣಗಳನ್ನು ಹೀಗೆ ಹೆಣೆಯುವುದರಲ್ಲಿ ಈ ಎಳೆಗಳ ಪಾಲೂ ಇದೆ. ಹಾಗೆ ಕಟ್ಟಿಕೊಂಡ ಮಣ್ಣಲ್ಲಿ ನೀರು ಚೆನ್ನಾಗಿ ಇಂಗುತ್ತದೆ. ಈರುಳ್ಳಿಗಂತೂ ಬೇರುಗೂದಲೇ ಕಡಿಮೆ, ಅದಕ್ಕೆ ವ್ಯಾಮ್ ಇಲ್ಲದೆ ಕಷ್ಟ.

ಎಲೆಕೋಸು, ಹೂಕೋಸು, ಸಾಸಿವೆಗೆ ಮಾತ್ರ ಸುಮ್ನೆ ಹಾಕಬೇಡಿ. ಆ ಜಾತಿಯ ಬೇರಿಗೆ ಇದು ಸೇರುವುದೇ ಇಲ್ಲ. ಕೋಸು ತೆಗೆದ ಹೊಲಕ್ಕೆ ನಾನು, ಬೇರಿನಲ್ಲಿ ಶಿಲೀಂಧ್ರ ಮತ್ತೆ ಹೆಚ್ಚಲಿ ಅಂತ, ಮೊದಲು ರಾಗಿಯೋ ಅಲಸಂದೆಯೋ ಬಿತ್ತಿ, ಆಮೇಲೆ ಮೆಣಸಿನ ಸಸಿ ನಾಟಿ ಮಾಡುತ್ತೇನೆ.