ಮಳೆಯಲ್ಲಿ ಮಿನಿ ನಿಲ್ಲುತ್ತಿತ್ತು, ಕೈಗವಸು ಹಾಕಿದ ಮೇಲೆ ಸರಿಹೋಯ್ತು

1959ರಲ್ಲಿ ಬಂದ ಮಿನಿ ಕಾರಿನಲ್ಲಿ ಎಂಜಿನ್ ಅಡ್ಡಡ್ಡ ಕೂತಿದೆ. ಪ್ಲಗ್ಗುಗಳಿಗೆ ಸರದಿಯಂತೆ ಕರೆಂಟು ಹಂಚುವ ಡಿಸ್ಟ್ರಿಬ್ಯೂಟರ್ ಇರುವುದು ಮುಂದಿನ ಜಾಲರಿಯ, ಅಂದರೆ ಗ್ರಿಲ್‌ನ ಬೆನ್ನಿಗೇ. ಜೋರು ಮಳೆಯಲ್ಲಿ ನೀರು ನೇರ ಅದರ ಮುಚ್ಚಳಕ್ಕೆ (ಕ್ಯಾಪ್) ರಾಚುತ್ತದೆ, ಕರೆಂಟು ಪ್ಲಗ್ಗಿಗೆ ಹೋಗದೆ ಒದ್ದೆ ಮೇಲ್ಮೈಯಲ್ಲೇ ಸೋರಿ ಎಂಜಿನ್ ಮುಗ್ಗರಿಸುತ್ತದೆ.

ಮೊದಲು ಕ್ಯಾಪ್ ಬಿಚ್ಚಿ ಒಳಗೆ ಒರೆಸಿ. ಟರ್ಮಿನಲ್‌ಗಳ ನಡುವೆ ಪೆನ್ಸಿಲ್ ಗೀಟಿನಂಥ ಕಪ್ಪು ಗೆರೆ ಕಂಡರೆ ಕೆರೆಯುತ್ತಾ ಕೂರಬೇಡಿ, ಹೊಸ ಕ್ಯಾಪ್ ಹಾಕಿ. ಬಿಚ್ಚಿದಾಗಲೇ ಪಾಯಿಂಟ್ ಗ್ಯಾಪ್ (ಡಿಸ್ಟ್ರಿಬ್ಯೂಟರ್ ಒಳಗೆ ತೆರೆದು ಮುಚ್ಚುವ ಸಂಪರ್ಕಗಳ ನಡುವಿನ ಸಂದು) 0.015 ಇಂಚು ಇದೆಯೇ ನೋಡಿಬಿಡಿ.

ಆಮೇಲೆ ಅಡುಗೆಮನೆಯ ದಪ್ಪ ರಬ್ಬರ್ ಕೈಗವಸು. ಐದು ಬೆರಳು, ಐದು ವೈರು: ನಾಲ್ಕು ಪ್ಲಗ್ಗಿಗೆ, ಒಂದು ಕಿಡಿಗೆ ಬೇಕಾದ ಹೈ ವೋಲ್ಟೇಜ್ ಕೊಡುವ ಕಾಯಿಲ್‌ಗೆ. ಹೇಳಿ ಮಾಡಿಸಿದ ಹಾಗಿದೆ! ಬೆರಳ ತುದಿಯನ್ನು ಚೂರೇ ಕತ್ತರಿಸಿ, ವೈರು ಬಿಗಿಯಾಗಿ ತೂರಬೇಕು. ವೈರು ಅದಲುಬದಲಾಗದಂತೆ ಮೊದಲೇ ಗುರುತು ಹಾಕಿ; ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರ್‌ಗಳಿಗೆ ಕಿಡಿ ಹೋಗುವ ಸರದಿ, 1-3-4-2. ಮಣಿಕಟ್ಟಿನ ಭಾಗವನ್ನು ಕ್ಯಾಪ್ ಮೇಲೆ ಎಳೆದುಬಿಡಿ. ಕೆಳಗೆ ಗಟ್ಟಿಯಾಗಿ ಕಟ್ಟಬೇಡಿ, ಒಳಗಿನ ತೇವ ಹೊರಹೋಗಲು ದಾರಿ ಬೇಕು.

ಗ್ರಿಲ್‌ಗೆ ಪೂರ್ತಿ ರಟ್ಟು ಬಡಿಯುವವರಿದ್ದಾರೆ. ಗಾಳಿ ನಿಂತರೆ ಎಂಜಿನ್ ಕಾಯುತ್ತದೆ, ಡಿಸ್ಟ್ರಿಬ್ಯೂಟರ್ ಮುಂದಿನಷ್ಟೇ ಮರೆ ಸಾಕು. ಕೈಗವಸಿನ ರಬ್ಬರ್ ಬಿಸಿಗೆ ಬಿರಿಯುತ್ತದೆ, ಹಾಗಾಗಿ ಪ್ರತಿ ಮಳೆಗಾಲದ ಮೊದಲು ಹೊಸದು ಹಾಕಿ.