‘ಸರ್ವರ್ ಇಲ್ಲ’ ಎಂದು ಪಡಿತರ ತಪ್ಪಿದರೆ: ಯಂತ್ರದ ಲೆಕ್ಕ ಕೇಳುವ ಬಗೆ

ಅಡಿಕೆ ಸುಲಿಯುವ ತಿಂಗಳುಗಳಲ್ಲಿ ತೀರ್ಥಹಳ್ಳಿ, ಹೊಸನಗರ ಕಡೆಯ ಹೆಂಗಸರ ಬೆರಳು ನೋಡಬೇಕು. ಹಸಿ ಅಡಿಕೆಯ ಚೊಗರು ಹತ್ತಿ ಕಪ್ಪಾಗಿ, ಚರ್ಮ ಒಡೆದು, ರೇಖೆ ಸವೆದಿರುತ್ತದೆ. ನ್ಯಾಯಬೆಲೆ ಅಂಗಡಿಯ ಯಂತ್ರಕ್ಕೆ ಅಂಥ ಹೆಬ್ಬೆಟ್ಟು ಸಿಗುವುದಿಲ್ಲ. ಸಾಲದ್ದಕ್ಕೆ ಗುಡ್ಡದ ಮರೆಯಲ್ಲಿ ಸಿಗ್ನಲ್ಲೂ ಇಲ್ಲ. ಎರಡಕ್ಕೂ ಸಿಗುವ ಉತ್ತರ ಒಂದೇ: ‘ಸರ್ವರ್ ಇಲ್ಲ, ನಾಳೆ ಬನ್ನಿ.’ ತೊಂದರೆ ನಿಜವಾಗಿ ಎಲ್ಲಿದೆ ಎಂದು ತಿಳಿಯದೆ ದೂರು ಕೊಟ್ಟರೆ ಅದು ಕಚೇರಿಯಿಂದ ಕಚೇರಿಗೆ ಅಲೆಯುತ್ತದೆ.

ಮೊದಲು ತಪ್ಪು ಎಲ್ಲಿದೆ ನೋಡಿ

ಯಂತ್ರದ ಪರದೆಯಲ್ಲಿ ಬಂದ ಸಂಕೇತವನ್ನು ಬರೆದುಕೊಳ್ಳಿ, ಸಾಧ್ಯವಾದರೆ ಫೋಟೊ ತೆಗೆಯಿರಿ. ಆಧಾರ್ ವ್ಯವಸ್ಥೆಯಲ್ಲಿ 300 ಎಂದರೆ ಬಯೋಮೆಟ್ರಿಕ್ ಹೊಂದಲಿಲ್ಲ ಎಂದು. 330 ಎಂದರೆ ಕಾರ್ಡುದಾರರು ಅದನ್ನು ಲಾಕ್ ಮಾಡಿದ್ದಾರೆ ಎಂದು. ದಿನಾಂಕ, ಸಮಯ, ಅಂಗಡಿ ಸಂಖ್ಯೆ, ಎಷ್ಟು ಸಲ ಬೆರಳು ಇಟ್ಟಿರಿ, ಇಷ್ಟನ್ನೂ ಅಲ್ಲೇ ಗುರುತು ಮಾಡಿಕೊಳ್ಳಿ.

ಮನೆಗೆ ಬಂದು ‘ಮೈಆಧಾರ್’ ಜಾಲತಾಣದಲ್ಲಿ ದೃಢೀಕರಣದ ಇತಿಹಾಸ ತೆರೆಯಿರಿ. ಆಧಾರ್‌ಗೆ ಜೋಡಿಸಿದ ಮೊಬೈಲಿಗೆ ಓಟಿಪಿ ಬರುತ್ತದೆ. ಹಿಂದಿನ 6 ತಿಂಗಳ ಪ್ರಯತ್ನಗಳು ಕಾಣುತ್ತವೆ. ಆ ದಿನ ‘ವಿಫಲ’ ಎಂದಿದ್ದರೆ ಕೋರಿಕೆ ಆಧಾರ್‌ವರೆಗೆ ಹೋಗಿದೆ, ಬೆರಳು ಹೊಂದಿಲ್ಲ ಅಥವಾ ಲಾಕ್ ಆಗಿದೆ. ಆ ದಿನದ ದಾಖಲೆಯೇ ಇಲ್ಲದಿದ್ದರೆ ಕೋರಿಕೆ ದಾರಿಯಲ್ಲೇ ನಿಂತಿದೆ, ಅಂದರೆ ನೆಟ್‌ವರ್ಕ್ ಅಥವಾ ಇಲಾಖೆಯ ಸರ್ವರ್. ಖರ್ಚಿಲ್ಲದೆ ಸಿಗುವ ಸಾಕ್ಷಿ ಇದು, ಪ್ರಿಂಟ್ ತೆಗೆದಿಡಿ.

ಹೆಸರೇ ಫಲಾನುಭವಿಗಳ ಪಟ್ಟಿಯಲ್ಲಿ ಇಲ್ಲದಿದ್ದರೆ ಅದು ಬೇರೆಯೇ ತೊಂದರೆ. ಉದಾಹರಣೆಗೆ, ಗೃಹಲಕ್ಷ್ಮಿಯಲ್ಲಿ ಗಂಡ ಅಥವಾ ಹೆಂಡತಿ ಆದಾಯ ತೆರಿಗೆ, ಜಿಎಸ್‌ಟಿ ಪಾವತಿದಾರರು ಎಂದು ದತ್ತಾಂಶ ತೋರಿಸಿದರೆ ಹಣ ಬರುವುದಿಲ್ಲ. ಆ ದತ್ತಾಂಶ ತಪ್ಪಿದ್ದರೆ ಅಂಗಡಿಯಲ್ಲಾಗಲಿ ಬ್ಯಾಂಕಿನಲ್ಲಾಗಲಿ ಸರಿಹೋಗದು. ‘ನನ್ನ ಅರ್ಜಿ ತಿರಸ್ಕರಿಸಿದ ಕಾರಣವನ್ನು ಮಾಹಿತಿ ಹಕ್ಕು ಕಾಯ್ದೆಯ ಕಲಂ 4(1)(ಡಿ) ಪ್ರಕಾರ ಕೊಡಿ’ ಎಂದು ಶಿಶು ಅಭಿವೃದ್ಧಿ ಯೋಜನಾಧಿಕಾರಿಯನ್ನು (ಸಿಡಿಪಿಒ) ಬರವಣಿಗೆಯಲ್ಲಿ ಕೇಳಿ.

ಈ ತಿಂಗಳ ಅಕ್ಕಿ

ಮಾಹಿತಿ ಹಕ್ಕಿನ ಅರ್ಜಿಗೆ ತಿಂಗಳು ಹಿಡಿಯುತ್ತದೆ, ಹಸಿವು ಅಷ್ಟು ದಿನ ಕಾಯುವುದಿಲ್ಲ. ಆದ್ದರಿಂದ ಅದೇ ದಿನ ಪಡಿತರ ಸಹಾಯವಾಣಿ 1967ಕ್ಕೆ ಅಥವಾ ರಾಜ್ಯ ಸರ್ಕಾರದ ದೂರು ವ್ಯವಸ್ಥೆಯಾದ ಜನಸ್ಪಂದನದ 1902ಕ್ಕೆ ಕರೆ ಮಾಡಿ ದೂರು ಸಂಖ್ಯೆ ಪಡೆಯಿರಿ. ದೃಢೀಕರಣ ವಿಫಲವಾಯಿತೆಂದು ಪಡಿತರ ನಿರಾಕರಿಸಬಾರದು ಎಂದು ಕೇಂದ್ರ ಆಹಾರ ಇಲಾಖೆ 2017ರ ಅಕ್ಟೋಬರ್‌ನಲ್ಲೇ ರಾಜ್ಯಗಳಿಗೆ ಬರೆದಿದೆ. 2018ರ ಆಧಾರ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿತು. ದೂರಿನಲ್ಲಿ ಈ ಎರಡನ್ನೂ ನಮೂದಿಸಿ.

ಮಾಹಿತಿ ಹಕ್ಕಿನ ಅರ್ಜಿ

ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ. ಶುಲ್ಕ 10 ರೂಪಾಯಿ. ಬಿಪಿಎಲ್ ಕಾರ್ಡಿನ ಪ್ರತಿ ಲಗತ್ತಿಸಿದರೆ ಅದೂ ಇಲ್ಲ. ಹೆಚ್ಚಿನ ಅರ್ಜಿಗಳು ಸೋಲುವುದು ‘ಏಕೆ’ ಎಂಬ ಪ್ರಶ್ನೆಯಿಂದ. ಕಡತದಲ್ಲಿ ಇರುವುದನ್ನು ಕೊಡುವುದಷ್ಟೇ ಮಾಹಿತಿ ಅಧಿಕಾರಿಯ ಕೆಲಸ, ವಿವರಣೆ ಕೊಡುವುದಲ್ಲ. ಹಾಗಾಗಿ ದಾಖಲೆಯನ್ನೇ ಕೇಳಿ. ತಾಲ್ಲೂಕು ಕಚೇರಿಯ ಆಹಾರ ಶಾಖೆಗೆ ಹೀಗೆ ಬರೆಯಬಹುದು:

“ನ್ಯಾಯಬೆಲೆ ಅಂಗಡಿ ಸಂಖ್ಯೆ ____ಕ್ಕೆ ಸಂಬಂಧಿಸಿ, ಕಳೆದ ನವೆಂಬರ್‌ನಿಂದ ಫೆಬ್ರುವರಿವರೆಗೆ: 1) ಪ್ರತಿ ತಿಂಗಳು ಯಶಸ್ವಿಯಾದ ಮತ್ತು ವಿಫಲವಾದ ದೃಢೀಕರಣಗಳ ಸಂಖ್ಯೆ, ಸಂಕೇತವಾರು. 2) ದೃಢೀಕರಣ ವಿಫಲವಾದರೂ ಪಡಿತರ ಕೊಟ್ಟ ಬಗ್ಗೆ ಇಟ್ಟಿರುವ ವಹಿಯ ದೃಢೀಕೃತ ಪ್ರತಿ, ಹೆಸರು ಮತ್ತು ಆಧಾರ್ ಸಂಖ್ಯೆ ಮರೆಮಾಡಿ. 3) ಅಂಥವರಿಗೆ ಪಡಿತರ ಕೊಡುವ ಕುರಿತ ಸುತ್ತೋಲೆಗಳ ಪ್ರತಿ.”

ಹೆಸರು ಮರೆಮಾಡಿ ಎಂದು ನೀವೇ ಬರೆಯುವುದು ಬಹಳ ಮುಖ್ಯ. 2025ರ ನವೆಂಬರ್‌ನಲ್ಲಿ ಕಲಂ 8(1)(ಜೆ) ಬದಲಾದ ಮೇಲೆ ‘ವೈಯಕ್ತಿಕ ಮಾಹಿತಿ’ ಎಂದು ನಿರಾಕರಿಸುವುದು ಸುಲಭವಾಗಿದೆ. ಯಾರು ಎಂಬುದು ನಮಗೆ ಬೇಕಿಲ್ಲ, ಎಷ್ಟು ಜನ ಎಂಬುದು ಬೇಕು.

ಯಂತ್ರದ ಗುತ್ತಿಗೆ ತಾಲ್ಲೂಕಿನಲ್ಲಿ ಇರುವುದಿಲ್ಲ. ಅದಕ್ಕೆ ಬೆಂಗಳೂರಿನ ಆಹಾರ ಇಲಾಖೆಗೆ ಇನ್ನೊಂದು ಅರ್ಜಿ ಹಾಕಿ: ಟೆಂಡರ್ ದಾಖಲೆ, ಕಾರ್ಯಾದೇಶ, ಯಂತ್ರ ಕೆಟ್ಟರೆ ಎಷ್ಟು ಗಂಟೆಯೊಳಗೆ ಸರಿಪಡಿಸಬೇಕೆಂಬ ಷರತ್ತು, ದಂಡದ ಷರತ್ತು, ಈವರೆಗೆ ಹಾಕಿದ ದಂಡ, ಯಂತ್ರದ ಪರೀಕ್ಷಾ ವರದಿ. ತಂತ್ರಾಂಶದ ಕೋಡ್ ಕೇಳಬೇಡಿ. ಕಲಂ 8(1)(ಡಿ) ಅಡಿ ‘ವಾಣಿಜ್ಯ ರಹಸ್ಯ’ ಎಂದು ಇಡೀ ಅರ್ಜಿಯನ್ನೇ ತಳ್ಳಿಹಾಕಲು ಅದು ನೆಪವಾಗುತ್ತದೆ. ಆದರೂ ಆ ಉತ್ತರ ಬಂದರೆ, ರಹಸ್ಯವಲ್ಲದ ಭಾಗವನ್ನು ಕಲಂ 10ರ ಪ್ರಕಾರ ಬೇರ್ಪಡಿಸಿ ಕೊಡಿ, ಸಾರ್ವಜನಿಕ ಹಿತ ದೊಡ್ಡದಿರುವುದರಿಂದ ಕಲಂ 8(2) ಅನ್ವಯಿಸಿ ಎಂದು ಮೇಲ್ಮನವಿಯಲ್ಲಿ ಬರೆಯಿರಿ.

30 ದಿನ ಕಳೆದರೂ ಉತ್ತರ ಇಲ್ಲವೆಂದರೆ ಕಾನೂನಿನ ದೃಷ್ಟಿಯಲ್ಲಿ ಅದು ನಿರಾಕರಣೆಯೇ. ಅಲ್ಲಿಂದ 30 ದಿನದೊಳಗೆ ಮೊದಲ ಮೇಲ್ಮನವಿ, ಅದೂ ಫಲಿಸದಿದ್ದರೆ 90 ದಿನದೊಳಗೆ ಕರ್ನಾಟಕ ಮಾಹಿತಿ ಆಯೋಗ. ತಡವಾಗಿ ಬಂದ ಮಾಹಿತಿಗೆ ಪ್ರತಿಯ ಶುಲ್ಕ ಕೊಡಬೇಕಿಲ್ಲ. ಅರ್ಜಿ ಕಳಿಸಿದ ಸ್ಪೀಡ್ ಪೋಸ್ಟ್ ರಸೀದಿ ಮಳೆಗಾಲದಲ್ಲಿ ಶಾಯಿ ಹೋಗಿ ಬಿಳಿ ಕಾಗದವಾಗುತ್ತದೆ, ಬಂದ ದಿನವೇ ಜೆರಾಕ್ಸ್ ಮಾಡಿಸಿ.

ಅಂಗನವಾಡಿಯಲ್ಲಿ ಮುಖ ಗುರುತಿಸಿ ಆಹಾರ ಕೊಡುವ ಪೋಷಣ್ ಟ್ರ್ಯಾಕರ್ ಆ್ಯಪ್‌ಗೂ ಇದೇ ಕ್ರಮ, ಅರ್ಜಿ ಸಿಡಿಪಿಒ ಕಚೇರಿಗೆ. ಅಲ್ಲಿ ಓಟಿಪಿ ಬೆಂಗಳೂರಿನಲ್ಲಿ ದುಡಿಯುವ ಗಂಡನ ಫೋನಿಗೆ ಹೋಗುತ್ತದೆಯೇ ಎಂದು ಮೊದಲು ವಿಚಾರಿಸಿ.

ಗ್ರಾಮಸಭೆಗೆ

ಉತ್ತರ ಬಂದ ಮೇಲೆ ಅದನ್ನು ಮನೆಯಲ್ಲಿ ಇಟ್ಟುಕೊಳ್ಳಬೇಡಿ. ಒಂದು ಪ್ರತಿ ಅಂಗಡಿಯ ಜಾಗೃತ ಸಮಿತಿಗೆ, ಇನ್ನೊಂದು ಗ್ರಾಮಸಭೆಗೆ. ಪಿಡಿಒ ‘ಪಡಿತರದ ಬಗ್ಗೆ ಚರ್ಚಿಸಲಾಯಿತು’ ಎಂದಷ್ಟೇ ಬರೆದರೆ ಮುಂದೆ ಅದರಿಂದ ಏನೂ ಆಗದು. ಅಂಗಡಿ ಸಂಖ್ಯೆ, ತಿಂಗಳು, ಬರಿಗೈಯಲ್ಲಿ ವಾಪಸಾದವರ ಸಂಖ್ಯೆ, ಯಾವ ದಿನಾಂಕದೊಳಗೆ ಯಾರು ಸರಿಪಡಿಸಬೇಕು, ಇವು ನಾಲ್ಕೂ ನಡಾವಳಿಯಲ್ಲಿ ಬರಲಿ. ಅದನ್ನು ಸಭೆಯಲ್ಲೇ ಗಟ್ಟಿಯಾಗಿ ಓದಿಸಿ, ಆಮೇಲೆ ಸಹಿ ಹಾಕಿ.